ಇಸ್ತ್ರಿ ಮೇಜಿನ ಪ್ರಾರ್ಥನೆ

ಮನೆ, ಅಡುಗೆಮನೆಯ ಕಿಟಕಿಯ ಪಕ್ಕ
ಜೂನ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಕೇಳಿದರೆ "ಇದೆ, ಎಲ್ಲಿಗೆ ಹೋಗುತ್ತೆ" ಅನ್ನುವವಳು ನೀನು. ಮೆಟ್ಟಿಲು ಹತ್ತುವ ಆ ಮನೆ ಬಿಡು ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ನಿನ್ನ ಮಂಡಿ ಸವೆಯುವ ಮುಂಚೆಯಾದರೂ ಕೇಳು. ಇಲ್ಲಿ ಎಲ್ಲರೂ ಆರೋಗ್ಯ. ಅಮ್ಮ ಹೋಗಿ ತಿಂಗಳಾಯಿತು, ಆದರೂ ಬೆಳಿಗ್ಗೆ ನನ್ನ ಕಾಲು ತಾನಾಗಿಯೇ ಇಸ್ತ್ರಿ ಮೇಜಿನ ಹತ್ತಿರ ಬಂದು ನಿಲ್ಲುತ್ತದೆ. ಅಂಗಿ ಕೊಡುವವರಿಲ್ಲ. ಮುದುಡಿದ್ದನ್ನೇ ತೊಟ್ಟು ಅಂಗಡಿಗೆ ಹೋಗುತ್ತೇನೆ. ಫ್ಯಾನ್ ರಿಪೇರಿಯವನ ಅಂಗಿ ಯಾರು ನೋಡುತ್ತಾರೆ, ಬಿಡು.

ಅಪ್ಪ ಹೋದ ಮೇಲೆ ಅಮ್ಮ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡಿಯೇ ನಮ್ಮಿಬ್ಬರನ್ನು ಸಾಕಿದ್ದು ನಿನಗೆ ಗೊತ್ತಿರುವುದೇ. ಪ್ರತಿ ಬಟ್ಟೆ ಮಡಿಸುವಾಗಲೂ "ಇದರ ಮೇಲೆ ಮಲಗೋರು ಎದ್ದು, ನಡ್ಕೊಂಡೇ ಮನೆಗೆ ಹೋಗ್ಲಪ್ಪಾ ದೇವರೇ" ಅನ್ನುತ್ತಿದ್ದಳು. ಕೆಲಸ ಬಿಟ್ಟ ಮೇಲೂ ಅಭ್ಯಾಸ ಬಿಡಲಿಲ್ಲ. ಮನೆಯವರ ಬಟ್ಟೆ ಇಸ್ತ್ರಿ ಮಾಡುತ್ತಾ ಒಬ್ಬೊಬ್ಬರ ಹೆಸರು ಹಿಡಿದು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು. ಬೈಗುಳವೂ ದೇವರ ಮೂಲಕವೇ ಬರುತ್ತಿತ್ತು. ನನ್ನ ಅಂಗಿ ಕೈಗೆ ಬಂದರೆ, "ದೇವರೇ, ಈ ಗುಂಡನಿಗಿಂತ ಮುಂಚೆ ಅವನ ಹೊಟ್ಟೆ ಬಾಗಿಲು ದಾಟ್ತಿದೆ, ನೀನಾದ್ರೂ ಸ್ವಲ್ಪ ಹೇಳು." "ದೇವರೇ, ಮೊಮ್ಮಗಳಿಗೆ ಲೆಕ್ಕ ಬರ್ಲಿ, ಮೊಬೈಲ್ ಹೋಗ್ಲಿ." ಬಾಗಿಲಲ್ಲಿ ಹಾಲಿನವನಿದ್ದರೆ ನೀರಿನ ವಿಷಯವೂ ದೇವರಿಗೆ ಮುಟ್ಟುತ್ತಿತ್ತು. ಎದ್ದು ಓಡೋಣವೆಂದರೆ ನಮ್ಮ ಅಂಗಿ ಅವಳ ಕೈಯಲ್ಲಿ! ಬನಿಯನ್ನಿನಲ್ಲಿ ಸಾಲಾಗಿ ನಿಂತು ಎಲ್ಲವನ್ನೂ ಕೇಳುತ್ತಿದ್ದೆವು. ಆಮೇಲೆ ಆ ಬಿಸಿ ಅಂಗಿ ಬೆನ್ನಿಗೆ ತಾಗಿದರೆ, ಅಕ್ಕಾ, ಇಡೀ ದಿನ ಯಾರೋ ಬೆನ್ನ ಮೇಲೆ ಕೈಯಿಟ್ಟ ಹಾಗಿರುತ್ತಿತ್ತು.

ಈಗ ನಿನ್ನ ಮಾತಿಗೆ ಬರುತ್ತೇನೆ. ಅಮ್ಮ ಹೋದ ದಿನ ಫೋನ್ ಮಾಡಿದರೆ ನೀನು, "ಅವಳ ಪ್ರಾರ್ಥನೆಯಲ್ಲೇ ನಾನಿರಲಿಲ್ಲ, ಅಲ್ಲಿ ಬಂದು ಏನು ಮಾಡ್ಲಿ" ಅಂದೆ. ಕೊನೆಯ ಸಲ ಬಂದಾಗ ನೀನು ಕಿವಿಯಾರೆ ಕೇಳಿದ್ದೇ ಅದು. ಹಾಲಿನವನ ಹೆಸರು ಬಂತು, ನಿನ್ನದು ಬರಲಿಲ್ಲ. ಮಾರನೆಯ ದಿನವೇ ಚೀಲ ಕಟ್ಟಿದೆ. ಆದರೆ ಭಾವ ತೀರಿಕೊಂಡಾಗ ನೀನು ಅಮ್ಮನಿಗೆ ಹೇಳಿದ್ದು ನೆನಪಿದೆಯಾ? "ಅಷ್ಟು ಬೇಡಿಕೊಂಡೆಯಲ್ಲ, ಏನು ಉಳಿಯಿತು? ಇನ್ನು ನಿನ್ನ ದೇವರ ಮುಂದೆ ನನ್ನ ಹೆಸರು ಹೇಳ್ಬೇಡ" ಎಂದೆ. ಸಂಕಟದಲ್ಲಿ ಬಂದ ಮಾತು, ತಪ್ಪೆನ್ನುವುದಿಲ್ಲ. ಅಮ್ಮ ಆ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಿದಳು, ಅಷ್ಟೇ.

ನೀನು ಬಿಟ್ಟುಹೋದ ಹಸಿರು ಅಂಗಿಯೊಂದಿತ್ತು. ನಾವೆಲ್ಲ ಹೊರಟ ಮೇಲೆ ದಿನಾ ಅದನ್ನು ತೆಗೆದು, ನೀರು ಚಿಮುಕಿಸಿ, ಬಾಯಿ ಮುಚ್ಚಿಕೊಂಡು ಇಸ್ತ್ರಿ ಮಾಡುತ್ತಿದ್ದಳಂತೆ. ನನ್ನ ಹೆಂಡತಿ ಒಂದು ದಿನ ನೋಡಿ, ಅತ್ತೆಗೆ ಅರಳುಮರುಳೆಂದು ಹೆದರಿ, "ಅದರ ಇಸ್ತ್ರಿ ನಿನ್ನೆನೇ ಆಯ್ತಲ್ಲ ಅತ್ತೆ" ಅಂದಳು. ಅದಕ್ಕೆ ಅಮ್ಮ, "ಹೆಸರು ಹೇಳ್ಬೇಡ ಅಂದಿದ್ದಾಳೆ, ಹೇಳ್ತಿಲ್ಲ. ಇಸ್ತ್ರಿ ಮಾಡ್ಬೇಡ ಅಂದಿಲ್ವಲ್ಲ. ಯಾರ ಅಂಗಿ ಅಂತ ದೇವರಿಗೆ ನಾನು ಹೇಳ್ಕೊಡ್ಬೇಕಾ?" ಎಂದಳಂತೆ. "ಅವಳಿಗೆ ತಿಳಿಸ್ಬೇಡಿ, ಬಲವಂತ ಮಾಡಿದ ಹಾಗಾಗುತ್ತೆ" ಎಂದು ನಮ್ಮಿಂದ ಮಾತು ಬೇರೆ ತೆಗೆದುಕೊಂಡಿದ್ದಳು. ಅವಳಿರುವವರೆಗೆ ಉಳಿಸಿಕೊಂಡೆವು.

ತಿಕ್ಕಿ ತಿಕ್ಕಿ ಆ ಅಂಗಿಯ ತೋಳು ಜಾಲರಿಯಾಗಿದೆ. ನೋಡಿದಾಗ ಅಳು ಬರಬೇಕಿತ್ತು. ನನಗೆ ಬಂದದ್ದು ನಗು. ಎಂಥ ಹಟಮಾರಿ, ಎಂಥ ಜಾಣೆ! ಇಂಥವಳು ನಮ್ಮನ್ನು ಹೆತ್ತಳಲ್ಲ ಎಂದು ಅಲ್ಲೇ ನಿಂತು ಕೈಮುಗಿದೆ.

ನನ್ನ ಹೆಂಡತಿಯ ನಮಸ್ಕಾರ, ಮಗಳ ಮುತ್ತು. ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ ತಮ್ಮ,
ಗುಂಡ

ಮರೆತಿದ್ದೆ: ಬರುವ ಭಾನುವಾರ ಅಮ್ಮನನ್ನು ನೆನೆಯಲು ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ನೀನು ಪ್ರಾರ್ಥನೆ ಮಾಡಬೇಕಿಲ್ಲ, ಕಣ್ಣು ಮುಚ್ಚಲೂ ಬೇಕಿಲ್ಲ. ದೇವರ ಮೇಲೆ ಇನ್ನೂ ಸಿಟ್ಟಿದ್ದರೆ ಅದನ್ನೂ ಕರೆದುಕೊಂಡು ಬಾ, ಜಾಗವಿದೆ. ಬೆಳಗಿನ ರೈಲಿಗೆ ನಾನು ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ. ಆ ರೈಲು ತಪ್ಪಿದರೆ ಮುಂದಿನದಕ್ಕೂ ಅಲ್ಲೇ ಇರುತ್ತೇನೆ.