ಬೇಲಿಯಾಚೆಯ ಜಾಗ

ಅಮ್ಮ,

ಮೊನ್ನೆ ಭಾನುವಾರ ನಮ್ಮ ಚರ್ಚಿಗೆ ನೂರೈವತ್ತು ವರ್ಷ ತುಂಬಿತು. ಸ್ಮಶಾನದ ಗೇಟಿಗೆ ಹೊಸ ಫಲಕ ಹಾಕಿದ್ದಾರೆ. ಜರ್ಮನಿಯಿಂದ ಹಡಗು ಹತ್ತಿ ಆಸ್ಟ್ರೇಲಿಯಾದ ಈ ಬಯಲಿಗೆ ಬಂದ ನಮ್ಮ ಹಿರಿಯರು ಬಡವ ಬಲ್ಲಿದರೆನ್ನದೆ, ಸತ್ತ ಕ್ರಮದಲ್ಲೇ ಒಂದೇ ಸಾಲಿನಲ್ಲಿ ಮಲಗಿದ್ದಾರಂತೆ. ನಿಜವೇ, ನೀನೂ ಆ ಸಾಲಿನಲ್ಲೇ ಮಲಗಿದ್ದೀಯ. ಆದರೆ ದೀಕ್ಷಾಸ್ನಾನಕ್ಕೆ ಮೊದಲೇ ಸತ್ತ ಕೂಸುಗಳನ್ನು ಬೇಲಿಯಾಚೆ ಹೂಳಿಸಿದವರೂ ಅದೇ ಹಿರಿಯರು. ಫಲಕದಲ್ಲಿ ಆ ಮಾತಿಲ್ಲ. ಆ ಜಾಗಕ್ಕೆ ಜಲ್ಲಿ ಸುರಿದು ಅತಿಥಿಗಳ ಕಾರು ನಿಲ್ಲಿಸಿದ್ದರು. ನೀನು ನೆಟ್ಟ ಐರಿಸ್ ಹೂಗಿಡಗಳು ಜಲ್ಲಿಯಡಿ ಹೋದವು.

ಸಮಿತಿಯ ಅಧ್ಯಕ್ಷ ಕ್ಲೆಮ್ ನೋಸ್ಕೆಯನ್ನು ಕೇಳಿದೆ.

“ಅಯ್ಯೋ ಹೆಡ್ವಿಗ್, ಅಲ್ಲಿ ಒಂದು ಕಲ್ಲೂ ಇಲ್ಲ, ಹೆಸರೂ ಇಲ್ಲ. ಯಾರಿದ್ದಾರೆ ಅಂತ ಹೇಗೆ ಗೊತ್ತಾಗ್ಬೇಕು?”

“ಕಲ್ಲು ಇಡೋಕೆ ಬಿಡದೇ ಇದ್ದೋನು ನಿಮ್ಮಪ್ಪನೇ ಕಣೋ. ದೀಕ್ಷಾಸ್ನಾನದ ನೀರು ಬೀಳದ ಮಗೂಗೆ ಕಲ್ಲು ಯಾಕೆ ಅಂತ ಹಿರಿಯರ ಸಭೇಲಿ ನಮ್ಮಮ್ಮನ್ನ ಕೇಳಿದ್ದ.”

“ಹಬ್ಬದ ದಿನ ಹಳೇದನ್ನ ಕೆದಕಬೇಡ ಮಾರಾಯ್ತಿ. ಬಾ, ಕೇಕ್ ತಿನ್ನು. ನಮ್ಮ ಐರೀನ್ ಮಾಡಿದ್ದು.”

ಅವನ ಗಲ್ಲಕ್ಕೆ ಸಕ್ಕರೆಪುಡಿ ಅಂಟಿತ್ತು. ಬೇಲಿಯಾಚೆ ಹೋದೆ. ಬಿಳಿ ಕಾರೊಂದರಲ್ಲಿ ಗುರುತಿಲ್ಲದ ಯುವತಿ ಕೂತಿದ್ದಳು.

“ಸ್ವಲ್ಪ ಕಾರು ತೆಗೀತೀಯಾ ಮಗಳೇ? ಅಡೀಲಿ ನನ್ನ ತಮ್ಮ ಇದಾನೆ.”

ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು ಅದು. ಅವಳು ಬೆಚ್ಚಿ ಕೆಳಗಿಳಿದಳು.

“ಅವರ ಹೆಸರೇನಜ್ಜಿ?”

ಹೆಸರಿಡುವ ಮೊದಲೇ ಹೋದ ಅವನನ್ನು ನೀನು ಒಳಗೊಳಗೇ ಏನೆಂದು ಕರೆಯುತ್ತಿದ್ದೆಯೋ.

“ಮೊದಲು ಕಾರು ತೆಗಿ,” ಎಂದೆ.

ನಿನ್ನ
ಹೆಡ್ವಿಗ್