ಬಿಳೀದನ್ನ ಹರಿಯಬೇಡ

ಲೋ ಗುಂಡ,

ಶಿಫ್ಟಿಗೆ ಹೊರಟೆ. ಮಧ್ಯಾಹ್ನ ಅಮ್ಮನಿಗೆ ಮಗ್ಗುಲು ಬದಲಿಸು. ನೀನು ಮೊಬೈಲಲ್ಲಿ ತರಿಸಿದ ಹೊಸ ಬೆಡ್‌ಶೀಟ್ ಹಾಸಬೇಡ, ಬೆನ್ನಿನ ಹುಣ್ಣಿಗೆ ಉಜ್ಜುತ್ತೆ. ಅವಳು ಒಗೆದೊಗೆದು ಮೆತ್ತಗೆ ಮಾಡಿಟ್ಟ ಹಳೇ ದುಪ್ಪಟಿಗಳನ್ನ 'ಚಿಂದಿ ಅಂಗಡಿ' ಅಂತ ಆಡಿಕೊಳ್ತಿದ್ದೆಯಲ್ಲ, ಅವನ್ನೇ ಹರಿದು ಹಾಸು. ಈಗ ಅವಳ ಮೈ ತಡೆಯೋದು ಅವನ್ನ ಮಾತ್ರ.

ಬಾಲ್ಕನಿಯಲ್ಲಿ ಒಣಗ್ತಿರೋ ಬಿಳೀದನ್ನ ಹರಿದುಗಿರಿದೀಯ, ಜೋಕೆ! ಅದು ಕೊನೆಗೆ ತನಗೆ ಹೊದಿಸೋಕೆ ಅಂತ ಅವಳೇ ಅಂಚು ಹೊಲಿದು ಎತ್ತಿಟ್ಟಿದ್ದು. "ಮುಗ್ಗಲು ವಾಸನೆ ಬಂದಿರುತ್ತೆ, ಒಗೆದು ಬಿಸಿಲಿಗೆ ಹಾಕೇ" ಅಂದಳು ನಿನ್ನೆ. ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಒಗೆದೆ.

ಹೊತ್ತು ಮುಳುಗೋ ಮೊದಲು ಒಳಗೆ ತಾ. ಅವಳ ಕಣ್ಣೆದುರೇ ಮಡಚು. ಅಂಚಿಗೆ ಅಂಚು ಕೂಡದಿದ್ದರೆ ಮತ್ತೆ ಬಿಚ್ಚಿಸ್ತಾಳೆ.

ಅಕ್ಕ