ಓಗೊಡುವವರಿಲ್ಲದ ಹೆಸರು

ಅಳಿಸುಮನೆ, ಕಪ್ಪತಗುಡ್ಡ
ಕ್ರಿ.ಶ. ೨೩೪೧, ಹದಿಮೂರನೆಯ ತಿಂಗಳ ಎರಡನೆಯ ದಿನ

ಗದಗಿನ ನೀಲಗಂಗಾ ಅಕ್ಕನವರಿಗೆ, ಗಾಳೆವ್ವನ ನಮಸ್ಕಾರಗಳು.

ತಿಂಗಳ ಲೆಕ್ಕ ನೋಡಿ ನಗಬೇಡಿ. ನಮ್ಮ ಬೇಸಿಗೆ ಹನ್ನೆರಡರಲ್ಲಿ ಹಿಡಿಸದೆ ಇನ್ನೊಂದನ್ನು ಸೇರಿಸಿಕೊಂಡೆವು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಮಾತನಾಡುವ ರೂಢಿ ತಪ್ಪಿದೆ.

ನಿಮ್ಮ ಕಾಲದವರು ಮಾರಿಬಿಟ್ಟ ಕಂಪ್ಯೂಟರುಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಬಂದು ಸೇರುವ ಜಾಗವೇ ಅಳಿಸುಮನೆ. ಅವುಗಳ ಒಳಗನ್ನು ಬರಿದು ಮಾಡಿ, ಬಾವಿಯ ಪಂಪುಗಳನ್ನು ನಡೆಸಲು ಕೆಳಗಿನ ಊರುಗಳಿಗೆ ಕಳಿಸುವುದು ನನ್ನ ಕೆಲಸ. ಗುಡ್ಡದ ಮೇಲೆ ಗಾಳಿಯಂತ್ರಗಳ ನಡುವೆ ನಾನೊಬ್ಬಳೇ. ತಿಂಗಳಿಗೊಮ್ಮೆ ಗಾಡಿ ಬರುತ್ತದೆ, ಅದಕ್ಕೂ ಗಾಡಿಯವನಿಲ್ಲ. ರೊಟ್ಟಿ ಬಡಿಯುವ ಸದ್ದಾದರೂ ಜೊತೆಗಿರಲೆಂದು ಬೇಕಾದದ್ದಕ್ಕಿಂತ ಒಂದೆರಡು ಹೆಚ್ಚೇ ಬಡಿಯುತ್ತೇನೆ. ಉಳಿದದ್ದನ್ನು ಮರುದಿನ ಮುರಿದು ಒಗ್ಗರಣೆ ಹಾಕಿಕೊಳ್ಳುತ್ತೇನೆ.

ನಮ್ಮಲ್ಲಿ ಹೊಸ್ತಿಲುನೋಟ ಎಂಬ ಕಟ್ಟಳೆಯಿದೆ. ಕಂಪ್ಯೂಟರಿನ ಒಡೆಯರ ಹೆಸರು ತಿಳಿಯುವಷ್ಟು ಮಾತ್ರ ಅದರೊಳಗೆ ಇಣುಕಬೇಕು. ಆಮೇಲೆ ಅಂಗಳದಲ್ಲಿ ನಿಂತು ಆ ಹೆಸರನ್ನು ಮೂರು ಸಲ ಕೂಗಬೇಕು. ಅವರ ಕಡೆಯವರು ಯಾರಾದರೂ ‘ಓ’ ಎಂದರೆ ಒಳಗಿರುವುದೆಲ್ಲ ಅವರದು. ಇಲ್ಲದಿದ್ದರೆ ನೋಡದೆ, ಕೇಳದೆ ಅಳಿಸಬೇಕು. ಇಲ್ಲಿ ಜನ ತುಂಬಿದ್ದ ಕಾಲದ ಕಟ್ಟಳೆ ಇದು. ಈಗ ನನ್ನ ಕೂಗು ಕೇಳುವುದು ಕಾಗೆಗಳಿಗೆ.

ಇವತ್ತು ನಿಮ್ಮ ಕಂಪ್ಯೂಟರು ಬಂತು. ಅಳಿಸಿದೆನೆಂದುಕೊಂಡು ನೀವು ಅದರ ಕಸದ ಬುಟ್ಟಿಗೆ ಹಾಕಿದ್ದೆಲ್ಲ ಅಲ್ಲೇ ಇತ್ತು, ಅಕ್ಕ. ಆ ಬುಟ್ಟಿಯನ್ನು ಯಾರೂ ಖಾಲಿ ಮಾಡಿರಲಿಲ್ಲ. ಮೊದಲು ಸಿಕ್ಕಿದ್ದೇ ನಿಮ್ಮ ದನಿ:

“ತಂಗೀ, ಉಂಡಿಯೇನವಾ? ಒಬ್ಬಾಕೀನ ಇರ್ತಿ, ಹೊತ್ತಿಗೆ ಸರಿಯಾಗಿ ಉಣ್ಣು. ಇದನ್ನ ನಿನಗಷ್ಟ ಹೇಳಾಕತ್ತೀನಿ, ಕೇಳಿ ಅಳಿಸಿಬಿಡು. ಗದಗಿನ ನೀಲಗಂಗಾ ಹಿಂಗಂದ್ಲು ಅಂತ ಮತ್ತ್ಯಾರ ಮುಂದೂ ಅನಬ್ಯಾಡ…”

ಹೆಸರು ಸಿಕ್ಕಿತು, ನಿಲ್ಲಿಸಿದೆ. ಮುಂದೆ ಇನ್ನೂ ಬಹಳ ಇತ್ತು. ಉಂಡೆಯಾ ಎಂದು ನನ್ನನ್ನು ಯಾರಾದರೂ ಕೇಳಿ ವರ್ಷಗಳೇ ಆಗಿವೆ. ಅತ್ತುಬಿಟ್ಟೆ.

ಅಂಗಳಕ್ಕೆ ಹೋಗಿ ನಿಮ್ಮ ಹೆಸರು ಕೂಗಿದೆ. ಎರಡನೆಯ ಸಲ ಕೂಗುವಾಗ ಹೊಳೆಯಿತು: ನಾನೇ ‘ಓ’ ಎಂದುಬಿಟ್ಟರೆ? ಉಳಿದ ಮಾತೆಲ್ಲ ನನ್ನದಾಗುತ್ತದೆ, ದಿನಾ ಉಣ್ಣುವಾಗ ಕೇಳಬಹುದು. ಬೇಡವೆನ್ನಲು ನೀವಿಲ್ಲ, ನಿಮ್ಮ ತಂಗಿಯೂ ಇಲ್ಲ. ಸತ್ತವರಿಗೆ ಎಂಥ ಗುಟ್ಟು ಎಂದು ಮನಸ್ಸು ಮೊಂಡುವಾದ ಹೂಡಿತು. ಮೂರನೆಯ ಸಲ ಕೂಗಿ, ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ. ನೀವು ಮಾತಾಡಿದ್ದು ತಂಗಿಯೊಡನೆ. ನಾನು ನಿಮ್ಮ ತಂಗಿಯಲ್ಲ.

ಒಳಗೆ ಬಂದು ಅಳಿಸಿದೆ. ಆ ಮಾತು ಏನಾಗಿತ್ತೋ, ನಾನು ಸಾಯುವವರೆಗೂ ನನಗೆ ತಿಳಿಯುವುದಿಲ್ಲ.

ಈ ಪತ್ರ ಹೇಗಾದರೂ ನಿಮ್ಮನ್ನು ಮುಟ್ಟಿದರೆ ಒಂದು ಬೇಡಿಕೆ. ಮಾರುವ ಮೊದಲು ಆ ಬುಟ್ಟಿಯನ್ನು ನೀವೇ ಖಾಲಿ ಮಾಡಿ. ಕದ್ದು ಕೇಳುವವರು ಕೆಟ್ಟವರೇ ಆಗಿರಬೇಕೆಂದಿಲ್ಲ, ಅಕ್ಕ; ಒಂಟಿಯಾಗಿದ್ದರೂ ಸಾಕು.

ಗಾಳೆವ್ವ